ಒಂದು ಕೊಡ, ಸುತ್ತ ಬಯಲು

ದೇವದುರ್ಗ
೧೨ ಏಪ್ರಿಲ್ ೧೯೪೫

ಪೇಂಟರ್ ಖಾಸಿಂ ಸಾಬ್ ಅವರಿಗೆ ಮಾನಮ್ಮ ಮಾಡುವ ಸಲಾಂ.

ನನ್ನ ಗುರುತು ನಿಮಗಿಲ್ಲ. ನಾನು ಇಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಔಷಧದ ಪೆಟ್ಟಿಗೆ ತರಲು ರಾಯಚೂರಿಗೆ ಬಂದಾಗ, ಸ್ಟೇಷನ್ ರಸ್ತೆಯಲ್ಲಿ ಟಾಂಗಾ ಓಡುತ್ತಿರುವಾಗಲೇ ಒಂದು ಚಹಾದಂಗಡಿಯ ಬೋರ್ಡು ಕಂಡಿತು. ಓದಬೇಕು ಎಂದುಕೊಳ್ಳುವ ಮೊದಲೇ ಓದಿ ಮುಗಿದಿತ್ತು. ಉಳಿದ ಬೋರ್ಡುಗಳನ್ನು ಓದಬೇಕಾದರೆ ಟಾಂಗಾ ನಿಲ್ಲಿಸಬೇಕಿತ್ತು. ಯಾರು ಬರೆದದ್ದು ಎಂದು ಟಾಂಗಾದವನನ್ನು ಕೇಳಿದೆ. "ತೀನ್ ಕಂದೀಲ್ ಚೌಕಿನ ಹಿಂದಿನ ಓಣ್ಯಾಗ ಖಾಸಿಂ ಸಾಬ್ ಅಂತ ಅದಾರ" ಎಂದ.

ನಮ್ಮ ಹಳ್ಳಿ ಅರಕೇರಾ ಹಾದಿಯಲ್ಲಿದೆ. ಅಲ್ಲಿರುವುದು ಒಂದೇ ಮೆಟ್ಟಿಲು ಬಾವಿ. ಬೇಸಿಗೆ ಬಂತೆಂದರೆ ಊರಿನ ಅರ್ಧ ಜನ ಕುಂಟುತ್ತಾರೆ. ನಾರುಹುಣ್ಣು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳು ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದು ನನ್ನ ಕೆಲಸ. ಅವಸರ ಮಾಡಿದರೆ ಹುಳು ತುಂಡಾಗಿ ಕಾಲೇ ಕೊಳೆಯುತ್ತದೆ. ಹುಣ್ಣಿನ ಕಾಲು ಬಾವಿಯ ನೀರಿಗಿಳಿದಾಗ ಹುಳುವಿನ ಮರಿ ಅಲ್ಲಿ ಬೀಳುತ್ತದೆ, ಆ ನೀರು ಕುಡಿದವರ ಹೊಟ್ಟೆ ಸೇರುತ್ತದೆ, ಬಟ್ಟೆಯಲ್ಲಿ ಸೋಸಿ ಕುಡಿದರೆ ಬರುವುದಿಲ್ಲ ಎಂದು ನಮ್ಮ ಡಾಕ್ಟರ್ ಸಾಹೇಬರು ಹೇಳುತ್ತಾರೆ. "ನಿನಗೆ ಅಕ್ಷರ ಬರುತ್ತದಲ್ಲ, ಒಂದು ಬೋರ್ಡು ಬರೆದು ನಿಮ್ಮೂರ ಬಾವಿಗೆ ಹಾಕು" ಎಂದರು.

ಪೆಟ್ಟಿಗೆಯ ಹಲಗೆ ಜೋಡಿಸಿ, ಅವರು ಹೇಳಿದ್ದನ್ನೆಲ್ಲ ನೀಲಿ ಬಣ್ಣದಲ್ಲಿ ಬರೆದೆ. ಒಂದು ಮಾತೂ ಬಿಡಲಿಲ್ಲ. ತಳವಾರ ಗದ್ದೆಪ್ಪ ಅದನ್ನು ಬಾವಿಯ ಪಕ್ಕದ ಬೇವಿನ ಮರಕ್ಕೆ ಕಟ್ಟಿದ. ವಾರ ಬಿಟ್ಟು ಕೇಳಿದರೆ, "ಅದೇನ್ ಬೋರ್ಡವಾ, ಹರಾಜಿನ ನೋಟೀಸೇನು?" ಎಂದರು.

ಬರೆಯಲು ಬಂದರೆ ಬೋರ್ಡು ಬರೆಯಲೂ ಬರುತ್ತದೆ ಎಂದು ತಿಳಿದಿದ್ದೆ. ಅದು ಬೇರೆ ವಿದ್ಯೆ ಎಂದು ಈಗ ಗೊತ್ತಾಯಿತು. ಕಲಿಸಿಕೊಡುವಿರಾ?

ಮಾನಮ್ಮ


ರಾಯಚೂರು
೨೩ ಏಪ್ರಿಲ್ ೧೯೪೫

ಮಾನಮ್ಮನವರಿಗೆ,

ಪತ್ರ ಬಂದದ್ದು ನಮ್ಮ ಯಜಮಾನರಿಗೆ. ಉತ್ತರ ಬರೆಯುತ್ತಿರುವವಳು ಅವರ ಹೆಂಡತಿ ಸುಗ್ರಾ ಬೇಗಂ. ಅವರ ಕಣ್ಣಿಗೆ ಪೊರೆ ಬಂದಿದೆ. ಅಂಗಡಿಯ ಹೆಸರು ಅವರದು, ಕುಂಚ ಈಗ ನನ್ನ ಕೈಯಲ್ಲಿದೆ. ಬೋರ್ಡುಗಳು ನಮ್ಮ ಮನೆಯ ಒಳಂಗಳದಲ್ಲಿ ತಯಾರಾಗುತ್ತವೆ, ಅವರ ಹೆಸರಿನಲ್ಲಿ ಹೊರಗೆ ಹೋಗುತ್ತವೆ. ಇದು ನಮ್ಮ ನಡುವೆ ಇರಲಿ. ನಿಮ್ಮ ಪತ್ರ ಓದಿ ಹೇಳಿದಾಗ ಅವರು, "ಹೆಣ್ಣಮಗಳು ಕೇಳ್ಯಾಳ, ನೀನೇ ಹೇಳು" ಎಂದರು. ನನ್ನ ತವರು ಮಾನ್ವಿ ಕಡೆಯ ಕಲ್ಲೂರು. ಶರಣಯ್ಯನವರೆಂಬ ಐಗಳ ಮಠದಲ್ಲಿ ಮರಳಿನ ಮೇಲೆ ಅಕ್ಷರ ತೀಡಿದವಳು ನಾನು. ನಾರುಹುಣ್ಣು ನನಗೂ ಗೊತ್ತು.

ಈಗ ನಿಮ್ಮ ಬೋರ್ಡಿನ ಮಾತು. ಏನೇನು ಬರೆಯಬೇಕು ಎಂದು ಯೋಚಿಸಿದ್ದೀರಿ. ಏನೇನು ಬಿಡಬೇಕು ಎಂದು ಯೋಚಿಸಿಲ್ಲ. ಕೊಡ ಹೊತ್ತ ಹೆಂಗಸು ನಿಂತು ಓದುವುದಿಲ್ಲ, ನಡೆಯುತ್ತ ನೋಡುತ್ತಾಳೆ. ಅವಳಿಗೆ ಒಂದು ಮಾತು ಹೇಳಿ. ಅದು ಎಲ್ಲಕ್ಕಿಂತ ದೊಡ್ಡದಿರಲಿ. ಸಂತೆಯಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಕೂಗಿದರೆ ಯಾರ ಮಾಲೂ ಹೋಗುವುದಿಲ್ಲ.

ಹಳೆಯ ಹಲಗೆಯ ಮೇಲೆ ನೀಲಿ ಬರೆದಿದ್ದೀರಿ. ಎರಡೂ ಕಪ್ಪಿನ ಕಡೆಯವೇ. ಕಾಡಿಗೆಗೆ ಅಗಸೆ ಎಣ್ಣೆ ಕಲಸಿ ಹಲಗೆ ಪೂರ್ತಿ ಕಪ್ಪು ಮಾಡಿ, ಅದರ ಮೇಲೆ ಬಿಳಿ ಬರೆಯಿರಿ. ಮೊದಲು ಸುಣ್ಣದಲ್ಲಿ ಅದ್ದಿದ ದಾರವನ್ನು ಎಳೆದು ಮಿಡಿದು ಗೆರೆ ಹಾಕಿಕೊಳ್ಳಿ, ಅಕ್ಷರ ಸಾಲಾಗಿ ಕೂರುತ್ತವೆ. ಕನ್ನಡಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಸಾಲುಗಳನ್ನು ಹತ್ತಿರ ತಂದರೆ ಮೇಲಿನವರ ಕಾಲು ಕೆಳಗಿನವರ ತಲೆಗೆ ಬಡಿಯುತ್ತದೆ. ಸುತ್ತಲೂ ಬಯಲು ಬಿಡಿ. ಜಾಗ ಹಾಳಾಯಿತು ಎಂದು ಮರುಗಬೇಡಿ. ಮನೆಗೆ ಅಂಗಳ ಇದ್ದ ಹಾಗೆ ಅದು.

ಓದಲು ಬಾರದವರಿಗೆ ಚಿತ್ರ ಬೇಕು. ಬರೆದು ಮುಗಿಸಿದ ಮೇಲೆ ನೀರಿನ ಹತ್ತಿರದ ಕಟ್ಟಕಡೆಯ ಮೆಟ್ಟಿಲಿಗೆ ಇಳಿದು, ತಲೆ ಎತ್ತಿ ನೋಡಿ. ಅಲ್ಲಿಂದ ಕಾಣದಿದ್ದರೆ ಬರೆದದ್ದೆಲ್ಲ ದಂಡ.

ಅಳಿಲು ಕೂದಲಿನ ಒಂದು ಕುಂಚ ಕಳಿಸಿದ್ದೇನೆ.

ಸುಗ್ರಾ ಬೇಗಂ


ದೇವದುರ್ಗ
೨೦ ಮೇ ೧೯೪೫

ಸುಗ್ರಾ ಅಕ್ಕನಿಗೆ,

ಅಕ್ಕ ಎಂದು ಕರೆದರೆ ಸಿಟ್ಟಿಲ್ಲ ತಾನೆ? ಆ ಬೋರ್ಡು ಬರೆದ ಕೈ ಹೆಂಗಸಿನದು ಎಂದು ತಿಳಿದ ದಿನ ನಾನು ಒಬ್ಬಳೇ ನಕ್ಕಿದ್ದೇನೆ. ಯಾರಿಗೂ ಹೇಳಿಲ್ಲ.

ನೀವು ಹೇಳಿದ ಹಾಗೆ ಹಲಗೆಗೆ ಕಪ್ಪು ಬಳಿದೆ. ದಾರ ಮಿಡಿದು ಗೆರೆ ಹಾಕಿದೆ. ಬರೆದದ್ದು ಎರಡೇ ಪದ: "ಸೋಸಿ ಕುಡಿಯಿರಿ". ನಡುವೆ ದೊಡ್ಡದಾಗಿ ಒಂದು ಕಾಲು, ಅದರಿಂದ ಹೊರಬರುವ ಬಿಳಿ ಹುಳು. ಹುಳು ಚೆನ್ನಾಗಿ ಕಾಣಲಿ ಎಂದು ಸ್ವಲ್ಪ ದಪ್ಪ ಮಾಡಿದೆ, ಬಳುಕಿಸಿದೆ.

ಮುಂದಿನ ವಾರ ಊರಿಗೆ ಹೋದಾಗ ನೋಡಿದರೆ ಬೋರ್ಡಿಗೆ ಅರಿಶಿನ ಕುಂಕುಮ! ಕೆಳಗೆ ಒಂದು ಬಟ್ಟಲಲ್ಲಿ ಹಾಲು. ಗದ್ದೆಪ್ಪ ಹೇಳಿದ, "ನಾಗಪ್ಪ ಯಾರದೋ ಕಾಲು ಹಿಡದಾನ, ಬಾಂವಿಗೆ ಇಳಿಯೋ ಮುಂದ ಕೈ ಮುಗೀಬೇಕಂತ ತಿಳ್ಕೊಂಡಾರವಾ." ಹೆಂಗಸರು ಕೈಮುಗಿದು ಇಳಿಯುತ್ತಾರೆ, ಕೊಡ ಮುಳುಗಿಸಿ ತುಂಬಿಕೊಂಡು ಬರುತ್ತಾರೆ, ಸೋಸದೆ ಕುಡಿಯುತ್ತಾರೆ.

ಕೆಳಗಿನ ಮೆಟ್ಟಿಲಿನಿಂದ ನೋಡುವುದು ಈ ಸಲ ಆಗಲಿಲ್ಲ. ಗದ್ದೆಪ್ಪ ನೋಡಿದ್ದಾನೆ, ಕಾಣುತ್ತದಂತೆ.

ಸ್ಟೇಷನ್ ರಸ್ತೆಯ ಆ ಚಹಾದಂಗಡಿ ಬೋರ್ಡನ್ನು ನೀವು ಯಾವ ಕಡೆ ನಿಂತು ನೋಡಿ ಪರೀಕ್ಷೆ ಮಾಡಿದಿರಿ ಅಕ್ಕ? ತಿಳಿಸಿದರೆ ನನಗೂ ಅಳತೆ ಸಿಗುತ್ತದೆ.

ಮಾನಮ್ಮ


ರಾಯಚೂರು
೨ ಜೂನ್ ೧೯೪೫

ತಂಗಿ ಮಾನಮ್ಮ,

ನಿನ್ನ ನಾಗಪ್ಪನ ಕಥೆ ಓದಿ ಹೇಳಿದಾಗ ನಮ್ಮ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಹಳ ದಿನಕ್ಕೆ ಈ ಮನೆಯಲ್ಲಿ ಅಂಥ ನಗು ಕೇಳಿಸಿತು. ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು: "ಚಿತ್ರ ಛಲೋ ಬಂದದ, ಅದಕ್ಕ ಕೈ ಮುಗದಾರ. ಆಕಿ ಬರದದ್ದು ರೋಗ, ಬರೀಬೇಕಾದದ್ದು ಕೆಲಸ."

ಅದು ಸರಿ. ಹೆದರಿಸುವುದನ್ನು ಬರೆದರೆ ಜನ ಹೆದರುತ್ತಾರೆ, ಅಷ್ಟೇ. ಏನು ಮಾಡಬೇಕೋ ಅದನ್ನು ಬರೆ. ನೋಡುವವರ ಕೈಯಲ್ಲಿ ಆ ಹೊತ್ತಿಗೆ ಏನಿರುತ್ತದೋ ಅದನ್ನೇ ಚಿತ್ರದಲ್ಲಿ ಇಡು. ಆಗ, ಇದು ನನಗೆ ಹೇಳಿದ ಮಾತು ಎಂದು ಅವರಿಗೆ ಗೊತ್ತಾಗುತ್ತದೆ. ಚಿತ್ರಗಳನ್ನು ಸಾಲಾಗಿ ಜೋಡಿಸಬೇಡ. ಕನ್ನಡ ಓದುವವರು ಎಡದಿಂದ ನೋಡುತ್ತಾರೆ, ಉರ್ದು ಓದುವವರು ಬಲದಿಂದ. ಸಾಲು ತಿರುಗುಮುರುಗಾಗಿ, ಒಬ್ಬರಿಗೆ ಶುದ್ಧವಾದ ನೀರು ಇನ್ನೊಬ್ಬರಿಗೆ ಕೆಟ್ಟುಹೋಗುತ್ತದೆ.

ಗದ್ದೆಪ್ಪನ ಕಣ್ಣನ್ನು ನಂಬಬೇಡ. ತಳವಾರನಿಗೆ ಎಲ್ಲವೂ ಕಾಣುತ್ತದೆ. ನೀನೇ ಇಳಿದು ನೋಡು. ಬೋರ್ಡು ಬರೆಯುವವಳಿಗೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

ಸುಗ್ರಾ


ದೇವದುರ್ಗ
೮ ಜುಲೈ ೧೯೪೫

ಅಕ್ಕನಿಗೆ,

ಹೊಸ ಚಿತ್ರ ಮುಗಿಯಿತು. ಮೇಲಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೊಡ ಬಗ್ಗಿಸಿ ನೀರು ಹಾಕುತ್ತಿದ್ದಾಳೆ. ಕೆಳಗೆ ಇನ್ನೊಬ್ಬಳು ಕೂತು, ಬಾಯಿಗೆ ಬಟ್ಟೆ ಕಟ್ಟಿದ ತನ್ನ ಕೊಡಕ್ಕೆ ಅದನ್ನು ಹಿಡಿಯುತ್ತಿದ್ದಾಳೆ. ಪದ ಅವೇ ಎರಡು. ಬಟ್ಟೆ ಎದ್ದು ಕಾಣಲಿ ಎಂದು ಅದಕ್ಕೊಂದಕ್ಕೆ ಹಳದಿ ಹಚ್ಚಿದೆ.

ಈ ಸಲ ನಮ್ಮ ಕೇರಿಯ ಹೆಂಗಸರಿಗೆ ಒಂದೇ ನೋಟಕ್ಕೆ ತಿಳಿಯಿತು. ನಮ್ಮವ್ವ ಮೂಕಮ್ಮನೇ ಮೊದಲು ಸೀರೆಯ ತುಂಡು ತೊಳೆದು ಕೊಡಕ್ಕೆ ಕಟ್ಟಿದಳು. ಅವಳ ಹಿಂದೆ ಎಲ್ಲರೂ ಕಟ್ಟಿದರು. ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ.

ಮೆಟ್ಟಿಲು ಇಳಿದು ನೋಡುವುದು ಆಗಲಿಲ್ಲ.

ಮಾನಮ್ಮ


ರಾಯಚೂರು
೨೫ ಜುಲೈ ೧೯೪೫

ತಂಗಿ ಮಾನಮ್ಮ,

ಸಂತೋಷ. ಆದರೆ ಅಕ್ಕ ಎಂದ ಮೇಲೆ ಬೈಸಿಕೊಳ್ಳಬೇಕು. ಒಬ್ಬ ಹೆಂಗಸು ಸಾಕಾಗುವ ಕಡೆ ಇಬ್ಬರನ್ನೇಕೆ ಬರೆದೆ? ಮೇಲಿನವಳು ಯಾರು? ಕೆಳಗಿನವಳು ತಾನೇ ಇಳಿದು ತುಂಬಿಕೊಳ್ಳಲು ಅವಳಿಗೇನು ಧಾಡಿ? ನೋಡುವವರ ಕಣ್ಣು ಮೊದಲು ಮೇಲೆ ಹೋಗುತ್ತದೆ, ಅಲ್ಲಿರುವವಳ ಮುಖ ನೋಡುತ್ತದೆ. ಬಟ್ಟೆ ಅವರಿಗೆ ಕಾಣುವುದು ಎಲ್ಲಕ್ಕಿಂತ ಕೊನೆಗೆ.

ಇನ್ನು, ಬಾವಿಗೆ ಇಳಿ ಎಂದು ಮೂರು ಪತ್ರದಿಂದ ಹೇಳುತ್ತಿದ್ದೇನೆ. ಆಗಲಿಲ್ಲ, ಆಗಲಿಲ್ಲ ಎನ್ನುತ್ತೀಯ. ನಿಮ್ಮೂರಿನ ಬಾವಿ, ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಕಲಿಯುವವರು ಮೈಗಳ್ಳರಾದರೆ ಕಲಿಸುವವರ ಕುಂಚ ಒಣಗುತ್ತದೆ.

ಸುಗ್ರಾ


ರಾಯಚೂರು
೩೦ ಆಗಸ್ಟ್ ೧೯೪೫

ಮಾನಮ್ಮ,

ಪತ್ರವಿಲ್ಲ. ನನ್ನ ಮಾತು ನಿನ್ನನ್ನು ನೋಯಿಸಿತೆಂದು ಕಾಣುತ್ತದೆ. ಬಾಗಿಲಲ್ಲಿ ಟಪಾಲಿನವನ ದನಿ ಕೇಳಿದಾಗೆಲ್ಲ ನಮ್ಮ ಯಜಮಾನರು, "ನಿನ್ನ ದುರ್ಗದ ತಂಗಿದು ಬಂತೇನು?" ಎಂದು ಕೇಳುತ್ತಾರೆ. ಬೋರ್ಡಿನ ಸುದ್ದಿ ಬರೆಯದಿದ್ದರೂ ಸರಿ. ಆರಾಮ ಇದ್ದೀಯೆಂದು ಒಂದು ಸಾಲು ಹಾಕು.

ಸುಗ್ರಾ


ದೇವದುರ್ಗ
೧೬ ಸೆಪ್ಟೆಂಬರ್ ೧೯೪೫

ಸುಗ್ರಾ ಅಕ್ಕನಿಗೆ,

ನಾನು ಪತ್ರ ಹಾಕದೆ ಇದ್ದದ್ದು ನೀವು ಬೈದಿರೆಂದು ಅಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆದರೆ ನಾಳೆಯಿಂದ ನನ್ನನ್ನು ತಂಗಿ ಎನ್ನುತ್ತೀರೋ ಇಲ್ಲವೋ ಎಂದು ಅಂಜಿದೆ. ಈಗ ಬರೆಯದೆ ದಾರಿಯಿಲ್ಲ.

ಕೆಳಗಿನವಳು ಬಾವಿಗೆ ಇಳಿಯುವ ಹಾಗಿಲ್ಲ ಅಕ್ಕ. ನಮ್ಮದು ಊರ ಹೊರಗಿನ ಕೇರಿ. ನಾವು ಮುಟ್ಟಿದರೆ ಆ ನೀರು ಮೈಲಿಗೆ ಎನ್ನುತ್ತಾರೆ. ಬಾವಿಯ ತಲೆಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಅದರ ಪಕ್ಕ ನಮ್ಮವರು ಖಾಲಿ ಕೊಡ ಇಟ್ಟುಕೊಂಡು ಕೂತಿರುತ್ತಾರೆ. ಇಳಿದು ಹತ್ತಿ ಬರುವವರಲ್ಲಿ ಮನಸ್ಸು ಬಂದವರು ಮೇಲಿನಿಂದ ಹಾಕಿ ಹೋಗುತ್ತಾರೆ. ನಾನು ದವಾಖಾನೆಯಲ್ಲಿ ಎಲ್ಲ ಜಾತಿಯವರ ಕಾಲು ತೊಳೆಯುತ್ತೇನೆ. ಆದರೆ ಆ ಮೊದಲ ಮೆಟ್ಟಿಲ ಮೇಲೆ ನನ್ನ ಕಾಲು ಇನ್ನೂ ಬಿದ್ದಿಲ್ಲ.

ನಮ್ಮವ್ವನಿಗೆ ನೀರು ಹಾಕುತ್ತಿದ್ದವರು ಒಕ್ಕಲಗೇರಿಯ ತಿಮ್ಮವ್ವ. ಒಳ್ಳೆಯ ಹೆಂಗಸು. ಎಷ್ಟೋ ವರ್ಷದಿಂದ ಒಂದು ದಿನವೂ ಇಲ್ಲ ಎಂದಿರಲಿಲ್ಲ. ನಾನು ಬರೆದ ಚಿತ್ರದಲ್ಲಿ ಮೇಲಿನವಳು ಅವರೇ ಎಂದು ಯಾರೋ ಹೇಳಿದರು. ನಮ್ಮವ್ವ ಬಟ್ಟೆ ಕಟ್ಟಿದ ಕೊಡ ಮುಂದಿಟ್ಟಾಗ ತಿಮ್ಮವ್ವ ಬೋರ್ಡು ನೋಡಿದರು, ಕೊಡ ನೋಡಿದರು.

"ಯಾಕ ಬೇ ಮೂಕಮ್ಮ, ನಾ ಹಾಕೋ ನೀರು ಹೊಲಸೇನು? ಊರಿಗೆಲ್ಲ ಕಾಣೋಹಂಗ ಬೋರ್ಡ್ ಬರಿಸೀರಿ?"

"ಹಂಗಲ್ರೀ ಯವ್ವಾ, ದವಾಖಾನ್ಯಾಗ ಹೇಳ್ಯಾರ್ರೀ..."

"ಹಂಗಿದ್ರ ಸ್ವಚ್ಛ ನೀರು ಎಲ್ಲಿ ಅದಾವೋ ಅಲ್ಲೇ ತರಕೋರಿ."

ಅವರು ಕೊಡ ಎತ್ತಿಕೊಂಡು ಹೋದರು. ಅವರನ್ನು ನೋಡಿ ಉಳಿದವರೂ ಹಾಕುವುದನ್ನು ಬಿಟ್ಟರು. ಈಗ ನಮ್ಮ ಕೇರಿಯವರು ಹಳ್ಳದ ಮರಳು ತೋಡಿ ಒರತೆಯ ನೀರು ತರುತ್ತಾರೆ. ಮಳೆ ಬಂದ ದಿನ ಅದು ಬರೀ ಕೆಸರು. ಮುದುಕರಿಗೆ ಭೇದಿ ಹತ್ತಿದೆ. ನಮ್ಮವ್ವ ನನ್ನನ್ನು ಒಂದು ಮಾತೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯ ಬಸ್ಸಮ್ಮ ಮಾತ್ರ, "ನಿನ್ನ ಅಕ್ಷರ ನಮ್ಮ ಬಾಯಾಗಿನ ನೀರು ಕಸಗೊಂತು" ಎಂದಳು.

ಬೋರ್ಡು ಇಳಿಸಿದ್ದೇನೆ. ಕುಂಚವನ್ನು ತೊಳೆದು ಇಟ್ಟಿದ್ದೇನೆ. ಬೇಕಾದರೆ ಹಿಂದಕ್ಕೆ ಕಳಿಸುತ್ತೇನೆ.

ಮಾನಮ್ಮ


ರಾಯಚೂರು
೫ ಅಕ್ಟೋಬರ್ ೧೯೪೫

ನನ್ನ ತಂಗಿ ಮಾನಮ್ಮನಿಗೆ,

ಮೊದಲ ಸಾಲಿನಲ್ಲೇ ಹೇಳಿದ್ದೇನೆ ನೋಡು, ತಂಗಿ ಎಂದು. ಆ ಕಲ್ಲು ನನಗೆ ಗೊತ್ತು. ಕಲ್ಲೂರಿನಲ್ಲೂ ಒಂದಿದೆ. ಕುಂಚ ಕಳಿಸಿದರೆ ಟಪಾಲಿನವನ ಕೈಯಲ್ಲೇ ತಿರುಗಿಸುತ್ತೇನೆ.

ಇಳಿದು ನೋಡು, ನಿಂತು ನೋಡು ಎಂದು ನಾನು ನಿನಗೆ ಜೋರು ಮಾಡಿದೆನಲ್ಲ. ಸ್ಟೇಷನ್ ರಸ್ತೆಯ ಬೋರ್ಡನ್ನು ಎಲ್ಲಿ ನಿಂತು ನೋಡಿದೆ ಎಂದು ನೀನು ಕೇಳಿದ್ದೆ, ನಾನು ಉತ್ತರ ಕೊಡಲಿಲ್ಲ. ಏಕೆಂದರೆ ನೋಡಿಯೇ ಇರಲಿಲ್ಲ. ನನ್ನ ಒಂದು ಬೋರ್ಡನ್ನೂ ಅದು ತೂಗುವ ಜಾಗದಲ್ಲಿ ನಾನು ನೋಡಿರಲಿಲ್ಲ. ನಮ್ಮ ಮನೆಯ ಹೆಂಗಸರು ಬಜಾರಿನಲ್ಲಿ ನಿಲ್ಲುವುದಿಲ್ಲ. ಯಜಮಾನರು ರಸ್ತೆಯ ಆಚೆ ನಿಂತು ನೋಡಿ ಬಂದು, ಇಲ್ಲಿ ದಪ್ಪ ಮಾಡು, ಅಲ್ಲಿ ಬಿಡು ಎನ್ನುತ್ತಿದ್ದರು. ಅವರ ಕಣ್ಣು ಹೋದ ಮೇಲೆ ಯಾರೂ ಹೇಳುವವರಿಲ್ಲ. ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಈ ಮಾತನ್ನು ಅವರ ಹತ್ತಿರವೂ ಆಡಿರಲಿಲ್ಲ, ಅವರಿಗೆ ನೋವಾಗುತ್ತದೆಂದು.

ನಿನ್ನ ಪತ್ರವನ್ನು ಓದಿ ಹೇಳಿದೆ. ಅಂದಾಜಿನ ಮಾತನ್ನೂ ಹೇಳಿಬಿಟ್ಟೆ. ಅವರು ಎದ್ದು, "ಬುರ್ಖಾ ಹಾಕೋ, ಹೋಗೋಣು" ಎಂದರು.

"ಎಲ್ಲಿಗ್ರೀ?"

"ಟೇಶನ್ ರಸ್ತಿಗೆ. ನನಗ ಕಾಣಂಗಿಲ್ಲ, ನಿನಗ ಕಾಣ್ತದ. ಇಬ್ಬರೂ ಕೂಡಿ ಒಬ್ಬ ಪೇಂಟರ್ ಆಗೋಣು."

ಅವರ ಕೈ ಹಿಡಿದು ಹೋದೆ. ನೋಡುವವರು ಅವರೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡಿರಬೇಕು. ಚಹಾದಂಗಡಿಯ ಎದುರು ಟಾಂಗಾ ನಿಲ್ಲುವ ಕಡೆ ನಿಂತು, ಬುರ್ಖಾದ ಜಾಲಿಯೊಳಗಿನಿಂದ ನನ್ನ ಬೋರ್ಡು ನೋಡಿದೆ. ನೀನು ಹೊಗಳಿದ ಬೋರ್ಡು. ಕಷ್ಟಪಟ್ಟು ಸುತ್ತಲೂ ಬರೆದ ಹೂಬಳ್ಳಿ ಧೂಳಿನ ಗೆರೆಯಂತೆ ಕಾಣುತ್ತಿತ್ತು. ಕೆಳಗಿನ ಸಾಲು ಕಾಣಲೇ ಇಲ್ಲ. ಕಂಡದ್ದು ಒಂದು ಬಿಳಿ ಕೆಟಲ್ ಮತ್ತು "ಚಹಾ" ಎಂಬ ಎರಡಕ್ಷರ. ಅಷ್ಟೇ. ಅಷ್ಟಕ್ಕೇ ಜನ ಒಳಗೆ ಹೋಗುತ್ತಿದ್ದರು. ಕೆಟಲ್ ಯಾರ ಮನೆಯದು, ಬಗ್ಗಿಸುವ ಕೈ ಯಾವ ಜಾತಿಯದು ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಕೈಯೇ ಇರಲಿಲ್ಲ.

ಮಾನಮ್ಮ, ನಿನ್ನ ಚಿತ್ರದಿಂದ ಇಬ್ಬರು ಹೆಂಗಸರನ್ನೂ ತೆಗೆದುಬಿಡು. ಮೆಟ್ಟಿಲು ತೆಗೆ. ಮೇಲೆ ಕೆಳಗೆ ಎಂಬುದೇ ಬೇಡ. ಒಂದು ಕೊಡ, ಅದರ ಬಾಯಿಗೆ ಕಟ್ಟಿದ ಬಟ್ಟೆ. ಸುತ್ತ ಬಯಲು. ಹಿತ್ತಾಳೆಯದು ಅನ್ನಿಸಬಾರದು, ಮಣ್ಣಿನದು ಅನ್ನಿಸಬಾರದು, ಬರಿಯ ಕೊಡದ ಆಕಾರ ಇರಲಿ. ನೋಡಿದವರು ತಮ್ಮದು ಎಂದುಕೊಳ್ಳಲಿ.

ಸುಗ್ರಾ


ದೇವದುರ್ಗ
೨ ನವೆಂಬರ್ ೧೯೪೫

ಅಕ್ಕನಿಗೆ,

ನೀವಿಬ್ಬರೂ ಕೈ ಹಿಡಿದು ಸ್ಟೇಷನ್ ರಸ್ತೆಯಲ್ಲಿ ನಿಂತದ್ದನ್ನು ನೆನೆಸಿಕೊಳ್ಳುತ್ತಲೇ ಬೋರ್ಡು ಬರೆದೆ. ಒಂದು ಕೊಡ ಬರೆಯುವುದು ಇಬ್ಬರು ಹೆಂಗಸರನ್ನು ಬರೆಯುವುದಕ್ಕಿಂತ ಕಷ್ಟ ಅಕ್ಕ. ಸೀರೆಯ ನಿರಿಗೆಯ ಹಿಂದೆ ತಪ್ಪು ಅಡಗಿಸಬಹುದು. ಕೊಡದ ಹೊಟ್ಟೆ ಸ್ವಲ್ಪ ಸೊಟ್ಟಾದರೂ ಹಲಗೆಯೆಲ್ಲ ಅದೇ ಕಾಣುತ್ತದೆ. ಒರೆಸಿ ಒರೆಸಿ ಬರೆದೆ.

ಗದ್ದೆಪ್ಪ ಕಟ್ಟಿ ಬಂದ. ಕೆಲವು ದಿನ ಏನೂ ಆಗಲಿಲ್ಲ. ಅಷ್ಟರಲ್ಲಿ ತಿಮ್ಮವ್ವನ ಮಗ ಯಂಕೋಬ ದವಾಖಾನೆಗೆ ಬಂದ. ಬಂಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ಬೇಸಿಗೆಯಲ್ಲಿ ಬಂದ ಹುಳುವನ್ನು ಮನೆಯಲ್ಲೇ ಎಳೆದು ತುಂಡು ಮಾಡಿಕೊಂಡಿದ್ದ, ಹಿಮ್ಮಡಿಯೆಲ್ಲ ಕೀವು. ಜೋಳ ಬಿತ್ತುವ ಕಾಲದಲ್ಲಿ ಮಂಚ ಹಿಡಿದಿದ್ದ. ನಾನು ಕಾಲು ತೊಳೆಯುತ್ತಿದ್ದಾಗ ಡಾಕ್ಟರ್ ಸಾಹೇಬರು ತಿಮ್ಮವ್ವನಿಗೆ ಬಾವಿಯ ನೀರಿನ ಕಥೆ ಹೇಳಿದರು. ಆಕೆ ನನ್ನ ಕಡೆ ನೋಡಿದರು.

"ಮಾನಮ್ಮ, ಆ ಬೋರ್ಡಿನ ಮ್ಯಾಲಿನ ಕೊಡ ಯಾರದು?"

"ಯಾರದೂ ಅಲ್ರೀ ಯವ್ವಾ. ನಿಮ್ಮದು ಅಂದ್ರ ನಿಮ್ಮದು."

ಮರುವಾರ ಅವ್ವ ಹೇಳಿಕಳಿಸಿದಳು. ತಿಮ್ಮವ್ವ ತಮ್ಮ ಕೊಡದ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾವಿಗೆ ಬಂದರಂತೆ. ಹತ್ತಿ ಬರುವಾಗ ಕಲ್ಲಿನ ಹತ್ತಿರ ನಿಂತು, "ಮೂಕಮ್ಮ ಎಲ್ಲಿ? ಕರೀರಿ. ಕೊಡಕ್ಕ ಅರಿವಿ ಕಟ್ಟಕೊಂಡು ಬಾ ಅನ್ರಿ" ಎಂದರಂತೆ. ಅವ್ವ ಹೋದಳು. ನೀರು ಬಿತ್ತು.

ಬಾವಿಯ ಕಾನೂನು ಬದಲಾಗಿಲ್ಲ. ನೀರು ಮಾತ್ರ ಬಂತು. ಸದ್ಯ ಅಷ್ಟು ಸಾಕು.

ಮಾನಮ್ಮ


ದೇವದುರ್ಗ
೯ ಮೇ ೧೯೪೬

ಅಕ್ಕನಿಗೆ,

ಸೋತೆ. ಈ ಬೇಸಿಗೆಯಲ್ಲೂ ನಾರುಹುಣ್ಣು ಬಂದಿದೆ. ನಮ್ಮ ಕೇರಿಯಲ್ಲಿ ಸೋಸಿ ಕುಡಿದವರಿಗೇ ಬಂದಿದೆ. ನಮ್ಮವ್ವನಿಗೇ ಬಂದಿದೆ, ಮೊಣಕಾಲಿನ ಕೆಳಗೆ. "ನಿನ್ನ ಬೋರ್ಡು ಸುಳ್ಳು ಹೇಳ್ತದ" ಎಂದು ಬಸ್ಸಮ್ಮ ನಡುಬೀದಿಯಲ್ಲಿ ನಿಂತು ಕೂಗಿದಳು. ಹಲವರು ಬಟ್ಟೆ ಬಿಚ್ಚಿಹಾಕಿದ್ದಾರೆ.

ಡಾಕ್ಟರ್ ಸಾಹೇಬರು ಹೇಳುವುದು ಬೇರೆ. ಇದು ಹೋದ ವರ್ಷ ಸೋಸುವ ಮೊದಲು ಕುಡಿದ ನೀರಿನ ಹುಳು; ಹೊಟ್ಟೆಗೆ ಹೋಗಿ ಹೊರಬರಲು ಅದಕ್ಕೆ ಒಂದು ವರ್ಷ ಬೇಕು; ಈಗ ಸೋಸುವುದು ಮುಂದಿನ ಬೇಸಿಗೆಗೆ. ಇದನ್ನು ಬೋರ್ಡಿನ ಮೇಲೆ ಹೇಗೆ ಬರೆಯಲಿ? ಒಂದು ವರ್ಷಕ್ಕೆ ಚಿತ್ರ ಯಾವುದು? ಬಯಲು ಬಿಟ್ಟ ಜಾಗದಲ್ಲಿ ಇದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆಯಲೇ?

ಅವ್ವನ ಕಾಲಿನ ಹುಳುವನ್ನು ನಾನೇ ಕಡ್ಡಿಗೆ ಸುತ್ತುತ್ತಿದ್ದೇನೆ. ಅವಳು ಹಲ್ಲು ಕಚ್ಚಿ, "ಸಾವಕಾಶ ಮಾಡವಾ" ಎನ್ನುತ್ತಾಳೆ.

ಮಾನಮ್ಮ


ರಾಯಚೂರು
೨೦ ಮೇ ೧೯೪೬

ತಂಗಿ,

ಅವ್ವನನ್ನು ಮೊದಲು ನೋಡಿಕೋ. ಬೋರ್ಡು ಓಡಿಹೋಗುವುದಿಲ್ಲ.

ಬಯಲಲ್ಲಿ ಒಂದಕ್ಷರವನ್ನೂ ಬರೆಯಬೇಡ. ಬೋರ್ಡು ಹೇಳುವುದು ಒಂದೇ ಮಾತು. ಅದು, ಸೋಸು ಎಂಬುದು. ಏಕೆ, ಎಂದಿನವರೆಗೆ, ಹಾಗಾದರೆ ನಿನಗೇಕೆ ಬಂತು ಎಂಬುದಕ್ಕೆಲ್ಲ ಬಾಯಿ ಬೇಕು. ಹಲಗೆಗೆ ಬಾಯಿಯಿಲ್ಲ, ನಿನಗಿದೆ. ನಾನು ಇಷ್ಟು ವರ್ಷ ಬಣ್ಣದಿಂದ ಎಲ್ಲವನ್ನೂ ಹೇಳಬಹುದು ಎಂದುಕೊಂಡಿದ್ದೆ, ಮನೆಯೊಳಗೆ ಕೂತವಳಿಗೆ ಬೇರೆ ಏನಿತ್ತು? ಈಗ ವಾರಕ್ಕೊಮ್ಮೆ ನಾವಿಬ್ಬರೂ ಬಜಾರಿಗೆ ಹೋಗುತ್ತೇವೆ. ಅಂಗಡಿಯವರ ಜೊತೆ ಅವರು ಮಾತಾಡುತ್ತಾರೆ, ಹಿಂದಿನಿಂದ ನಾನು ಹೇಳಿಕೊಡುತ್ತೇನೆ.

ಮನೆಮನೆಗೆ ಹೋಗು. ಜಗಳಕ್ಕೆ ಬಂದವಳ ಮನೆಗೆ ಮೊದಲು ಹೋಗು. ನಿನ್ನ ಕಾಲು ತುಳಿಯದ ಬೀದಿಯಲ್ಲಿ ತಿಮ್ಮವ್ವ ಹೇಳುತ್ತಾರೆ, ಕೇಳಿ ನೋಡು. ಅವ್ವನಿಗೆ ನನ್ನ ದುವಾ.

ಸುಗ್ರಾ


ದೇವದುರ್ಗ
೧೫ ಜೂನ್ ೧೯೪೭

ಸುಗ್ರಾ ಅಕ್ಕನಿಗೆ, ಭಾವನವರಿಗೆ,

ನಡುವೆ ನಾಲ್ಕು ಸಾಲಿನ ಕಾರ್ಡು ಬಿಟ್ಟರೆ ಏನೂ ಬರೆಯಲಿಲ್ಲ. ಬೇಸಿಗೆ ಮುಗಿಯಲಿ, ಆಮೇಲೆ ಬರೆಯುತ್ತೇನೆ ಎಂದು ಹಟ ಹಿಡಿದು ಕೂತಿದ್ದೆ. ನಿನ್ನೆ ಮೊದಲ ಮಳೆ ಬಿತ್ತು.

ಅಕ್ಕ, ಈ ಬೇಸಿಗೆಯಲ್ಲಿ ನಮ್ಮ ಕೇರಿಯಲ್ಲಿ ಬಸ್ಸಮ್ಮನ ಮನೆಯೊಂದನ್ನು ಬಿಟ್ಟು ಬೇರೆಲ್ಲೂ ಬರಲಿಲ್ಲ. ಒಕ್ಕಲಗೇರಿಯಲ್ಲಿ ಸೋಸದ ಕೆಲವರಿಗೆ ಬಂದಿದೆ. ಹೋದ ವರ್ಷ ನೀವು ಹೇಳಿದ ಹಾಗೆ ಬಸ್ಸಮ್ಮನ ಮನೆಗೇ ಮೊದಲು ಹೋಗಿದ್ದೆ. ಬಾಗಿಲು ಹಾಕಿಕೊಂಡಿದ್ದಳು. ಉಳಿದ ಮನೆಯವರು ಮಾತು ಕೇಳಿ ಮತ್ತೆ ಬಟ್ಟೆ ಕಟ್ಟಿದರು. ಈಗ ಅವಳ ಗಂಡನ ಕಾಲಿಗೆ ಪಟ್ಟಿ ಕಟ್ಟಲು ದಿನಾ ಹೋಗುತ್ತೇನೆ, ಬಾಗಿಲು ತೆರೆದಿರುತ್ತದೆ. ಅವಳ ಕೊಡದ ಬಾಯಿಗೆ ಬಟ್ಟೆಯಿದೆ. ನಾನು ಆ ಕಡೆ ನೋಡಿದರೆ, "ನೋಡಬ್ಯಾಡ ಬೇ, ಕಟ್ಟೀನಿ" ಎನ್ನುತ್ತಾಳೆ.

ತಿಮ್ಮವ್ವ ತಮ್ಮ ಬೀದಿಯಲ್ಲಿ ಹೇಗೆ ಹೇಳಿದರೋ ನನಗೆ ತಿಳಿಯದು. ಡಾಕ್ಟರ್ ಸಾಹೇಬರ ಮಾತನ್ನು ಬಿಟ್ಟು ತಮ್ಮದೇ ಏನೋ ಸೇರಿಸಿದ್ದಾರೆ. "ಸೋಸದಿದ್ರ ನನ್ನ ಮಗನ ಹಂಗ ಮಂಚ ಹಿಡೀತೀರಿ" ಎನ್ನುತ್ತಾರಂತೆ. ಅಷ್ಟು ಸಾಕು.

ಇನ್ನೊಂದು ವಿಷಯ. ಬಿಸಿಲಿಗೆ ಬೋರ್ಡಿನ ಬಿಳಿ ಪುಡಿಯಾಗಿ ಉದುರುತ್ತಿತ್ತು. ಹೋದ ರವಿವಾರ ಬಣ್ಣ ತೆಗೆದುಕೊಂಡು ಹೋದೆ. ಹೋಗಿ ನೋಡಿದರೆ ಯಾರೋ ಆಗಲೇ ಕೊಡದ ಮೇಲೆ ಸುಣ್ಣ ತೀಡಿದ್ದಾರೆ. ಬೆರಳಿನಿಂದ ತೀಡಿದ್ದು, ಗೆರೆ ಒಂದೂ ನೆಟ್ಟಗಿಲ್ಲ. ಬಟ್ಟೆಗೆ ಅರಿಶಿನ ಹಚ್ಚಿದ್ದಾರೆ. ಅಷ್ಟಕ್ಕೇ ಬಿಟ್ಟಿಲ್ಲ ಅಕ್ಕ. ನೀವು ಹೇಳಿದಿರೆಂದು ನಾನು ಜೀವ ಬಿಗಿಹಿಡಿದು ಖಾಲಿ ಬಿಟ್ಟ ಬಯಲಿನ ತುಂಬ ಚುಕ್ಕಿಯಿಟ್ಟು ರಂಗೋಲಿ ಹಾಕಿದ್ದಾರೆ. ಎರಡು ಗಿಳಿ ಬೇರೆ!

ಕಲ್ಲಿನ ಪಕ್ಕ ಕೂತಿದ್ದ ಅವ್ವನನ್ನು ಕೇಳಿದೆ, "ಯಾರ್ ಬರದಾರವ್ವಾ ಇದನ್ನ?"

ಮೆಟ್ಟಿಲು ಹತ್ತಿ ಬರುತ್ತಿದ್ದ ತಿಮ್ಮವ್ವ ಏದುಸಿರಿನ ನಡುವೆ ತಾವೇ ಹೇಳಿದರು, "ಒಬ್ಬೊಬ್ಬರು ಒಂದೊಂದು ಗೆರಿ ಎಳದೀವಿ ತಗೋ. ನೀ ಬರೋತನಕ ಕಾಯಾಕಾಗ್ತದೇನು? ಬಟ್ಟೀದು ಅರಿಶಿಣ ನಿಮ್ಮವ್ವನ ಮನಿದು."

"ನೀವೇ ಇಸಗೊಂಡ್ರೇನ್ರೀ ಯವ್ವಾ?"

"ಮತ್ತ? ಅರಿಶಿಣಕ್ಕೇನು ಮೈಲಿಗಿ ಅದೇನು?" ಎಂದು ಗದರಿ, ಅವ್ವನ ಕೊಡದ ಮೇಲೆ ತಮ್ಮ ಕೊಡ ಬಗ್ಗಿಸಿದರು. ತಾವು ಏನು ಅಂದೆವೆಂಬುದು ಆಮೇಲೆ ಹೊಳೆದಿರಬೇಕು. ನೀರು ಹಾಕುತ್ತ ಹಾಕುತ್ತ ಕೈ ನಿಂತಿತು. ನಮ್ಮವ್ವ ತಲೆ ಎತ್ತಲಿಲ್ಲ. ಮತ್ತೆ ನೀರು ಬೀಳತೊಡಗಿತು. ಕೊಡ ತುಂಬಿ ಬಟ್ಟೆಯ ಮೇಲೆ ಹರಿಯುವವರೆಗೂ ಹಾಕಿದರು.

ನಾನು ತಂದಿದ್ದ ಬಣ್ಣದ ಡಬ್ಬಿಯನ್ನು ತೆರೆಯಲಿಲ್ಲ. ದೂರ ಹೋಗಿ ಹಾದಿಯಲ್ಲಿ ನಿಂತು ನೋಡಿದೆ. ಗಿಳಿ ಕಾಣಲಿಲ್ಲ, ರಂಗೋಲಿ ಕಾಣಲಿಲ್ಲ. ಕೊಡ ಕಂಡಿತು.

ನಿಮ್ಮ ತಂಗಿ
ಮಾನಮ್ಮ